ಮೀನಿಗೆ ಗುಳಿಗಿ ಕೇಳಿಕೊಂಡು ಬರುವವರಿಗೆ

ಏಪ್ರಿಲ್ ಬಂತೆಂದರೆ ನನ್ನ ಔಷಧಿ ಅಂಗಡಿಗೆ ಎರಡು ಬಗೆಯ ಜನ ಜಾಸ್ತಿ ಬರುತ್ತಾರೆ. ಓಆರ್‌ಎಸ್ ಪುಡಿ ಕೇಳುವವರು ಮತ್ತು ಮೀನಿನವರು. ಮೀನಿನವರ ಮಾತು ಹೆಚ್ಚುಕಡಿಮೆ ಒಂದೇ ಇರುತ್ತದೆ. "ಅಣ್ಣಾರ, ರಾತ್ರಿ ಚಲೋನ ಇದ್ದುವ್ರಿ. ಮುಂಜಾನೆ ಎದ್ದು ನೋಡಿದ್ರ ನಾಕು ತೇಲಾಕತ್ತಾವ. ಏನರ ಗುಳಿಗಿ ಕೊಡ್ರಿ. ಟೆಟ್ರಾಸೈಕ್ಲಿನ್ ಹಾಕಿದ್ರ ಆಗತೈತಿ ಅಂತಾರ."

ನಾನು ಕೊಡುವುದಿಲ್ಲ. ಡಾಕ್ಟರ್ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವ ಹಾಗಿಲ್ಲ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ನಮ್ಮೂರ ನೀರಿನದು. ಟೆಟ್ರಾಸೈಕ್ಲಿನ್ ತಗೊಳ್ಳುವವರಿಗೆ ಹಾಲಿನ ಜೊತೆ ನುಂಗಬೇಡಿ ಅಂತ ಹೇಳಿ ಕಳಿಸುತ್ತೇವೆ, ಅಲ್ವಾ? ಹಾಲಿನ ಕ್ಯಾಲ್ಸಿಯಂ ಔಷಧಿಯನ್ನು ಹಿಡಿದುಕೊಳ್ಳುತ್ತದೆ, ಮೈಗೆ ಹತ್ತಲು ಬಿಡೋದಿಲ್ಲ. ವಿಜಯಪುರದ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿಕೊಂಡಿವೆ. ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪೊರೆ ನೋಡಿದರೆ ಸಾಕು. ಅಂಥ ನೀರಿಗೆ ಕ್ಯಾಪ್ಸೂಲ್ ಬಿಚ್ಚಿ ಸುರಿದರೆ ಔಷಧಿ ನೀರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಮೀನಿನ ಮೈಗೆ ಸೇರುವುದು ಬಹಳ ಕಡಿಮೆ. ನೀರು ಹಳದಿಯಾಗುತ್ತದೆ, ಏನೋ ಮಾಡಿದೆವು ಅನ್ನೋ ಸಮಾಧಾನ ಸಿಗುತ್ತದೆ. ಅದರ ಜೊತೆಗೆ ಫಿಲ್ಟರಿನಲ್ಲಿ ಇರಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು.

ಔಷಧಿ ಮಾರಿ ಹೊಟ್ಟೆ ಹೊರೆಯುವವನೇ ಹೇಳುತ್ತಿದ್ದೇನೆ. ರಾತ್ರಿ ಚೆನ್ನಾಗಿದ್ದ ಮೀನು ಬೆಳಗಾಗುವುದರೊಳಗೆ ಸತ್ತರೆ ಅದು ಹೆಚ್ಚಾಗಿ ರೋಗವಲ್ಲ. ನೀರಿನದೇ ತಕರಾರು.

ಜಲನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ಅಡಿ ಉದ್ದದ ಗಾಜಿನ ತೊಟ್ಟಿ ಇದೆ. ಕಲ್ಲು, ಮರಳು ಕಳೆದರೆ ಸುಮಾರು 110 ಲೀಟರ್ ನೀರು ಹಿಡಿಯುತ್ತದೆ. ಮೋಲಿ, ಗಪ್ಪಿ, ಒಂದು ಜೋಡಿ ಗೌರಾಮಿ. ಬಡಾವಣೆಗೆ ಜಲನಗರ ಅಂತ ಹೆಸರಿದ್ದರೂ ಬೋರ್ ಇಲ್ಲದೆ ನಮಗೆ ನಡೆಯೋದಿಲ್ಲ. ಆ ಬೋರ್ ನೀರಿನ ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ, 7 ಅಂದರೆ ಎರಡೂ ಅಲ್ಲ, ಮೇಲಕ್ಕೆ ಹೋದರೆ ಕ್ಷಾರ) 8.2 ಬರುತ್ತದೆ. ಈ ಸಂಖ್ಯೆ ಯಾಕೆ ಮುಖ್ಯ ಅನ್ನೋದು ಮುಂದೆ ಬರುತ್ತದೆ.

ಸತ್ತ ಮೀನನ್ನು ಬಲೆಯಲ್ಲಿ ಎತ್ತಿ ಬಿಸಾಕುವ ಮುಂಚೆ ಒಂದು ನಿಮಿಷ ನೋಡಬೇಕು. ಬದುಕಿ ಉಳಿದದ್ದು ಯಾವುದು ಅನ್ನೋದನ್ನೂ ನೋಡಬೇಕು. ಅಂಗಡಿಗೆ ಬಂದವರಿಗೆ ನಾನು ಮೊದಲು ಕೇಳುವ ಪ್ರಶ್ನೆಯೇ "ಯಾವ್ಯಾವು ಉಳಿದಾವ?" ಅಂತ. ಜನ ಸತ್ತದ್ದರ ಲೆಕ್ಕ ಕೊಡುತ್ತಾರೆ, ಉಳಿದದ್ದನ್ನು ನೋಡಿರುವುದೇ ಇಲ್ಲ.

ಗೌರಾಮಿಗೂ ಫೈಟರ್ ಮೀನಿಗೂ ಕಿವಿರಿನ ಮೇಲೆ ಇನ್ನೊಂದು ಅಂಗ ಇದೆ. ಅವು ಮೇಲೆ ಬಂದು ನೇರವಾಗಿ ಗಾಳಿಯನ್ನೇ ಗುಟುಕರಿಸಬಲ್ಲವು. ಅವು ಆರಾಮಾಗಿದ್ದು, ಬೇರೆ ಜಾತಿಯ ದೊಡ್ಡ ಮೀನುಗಳು ಸತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲದೆ ಹೋಗಿದೆ ಅಂತ ಹೆಚ್ಚುಕಡಿಮೆ ಖಾತ್ರಿ. ದೊಡ್ಡದು ಸಣ್ಣದು ಅನ್ನದೆ ಎಲ್ಲವೂ ಒಂದೆರಡು ತಾಸಿನಲ್ಲಿ ಹೋದರೆ ವಿಷ ಸೇರಿದೆ. ಕ್ಲೋರಿನ್ ಇರಬಹುದು, ಸ್ಪ್ರೇ ಇರಬಹುದು. ತೊಟ್ಟಿಯಲ್ಲಿ ಸಿಗಡಿ ಇದ್ದು ಅವೇ ಮೊದಲು ಸತ್ತರೆ ಕೀಟನಾಶಕದ ಮೇಲೆ ಗುಮಾನಿ ಇಡಿ. ತಾಮ್ರ ಸೇರಿದ ಮೀನಿನ ಔಷಧಿ ಹಾಕಿದ್ದರೆ ಅದರ ಮೇಲೂ ಇಡಿ. ದಿನಕ್ಕೊಂದರಂತೆ ಸಾಯುತ್ತಾ, ಕಿವಿರು ಕೆಂಪಗೆ ಉರಿದಂತೆ ಕಂಡರೆ ಅಮೋನಿಯಾ. ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್. ಎರಡೂ ಮೀನಿನ ಹೊಲಸಿನಿಂದ ತೊಟ್ಟಿಯಲ್ಲೇ ಹುಟ್ಟುವ ವಿಷ, ವಿವರ ಮುಂದೆ ಬರುತ್ತದೆ. ಹೊಸದಾಗಿ ತಂದವು ಮಾತ್ರ ಸತ್ತರೆ ದಾರಿಯಲ್ಲೋ, ನೀರು ಬದಲಾದದ್ದರಲ್ಲೋ ಪೆಟ್ಟು ತಿಂದಿವೆ. ಇನ್ನು ಎರಡು ವರ್ಷ ಸಾಕಿದ ಗಪ್ಪಿ ಸತ್ತರೆ ಯಾರ ತಪ್ಪೂ ಇಲ್ಲ, ಅದರ ಆಯಸ್ಸೇ ಅಷ್ಟು.

ಮುಂಜಾನೆಯೇ ಯಾಕೆ ಸಾಯುತ್ತವೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೂರ ಬೇಸಿಗೆಯ ಮೂಲ ಕಥೆ ಇದೇ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ. ಅದೂ ಪೂರ್ತಿ ತುಂಬಿಕೊಂಡರೆ ಮಾತ್ರ. ಮೀನಿನದು ಇದಕ್ಕೆ ಉಲ್ಟಾ. ಬಿಸಿ ಏರಿದಂತೆ ಅದಕ್ಕೆ ಉಸಿರು ಜಾಸ್ತಿ ಬೇಕು. ಹೊರಗೆ 40 ದಾಟಿದ ದಿನ ಮನೆಯೊಳಗಿನ ತೊಟ್ಟಿ 32, 33ಕ್ಕೆ ಬಂದು ನಿಲ್ಲುತ್ತದೆ. ರಾತ್ರಿ ಲೈಟ್ ಆರಿಸಿದ ಮೇಲೆ ಗಿಡಗಳು ಆಮ್ಲಜನಕ ಕೊಡುವುದು ನಿಲ್ಲಿಸಿ ತಾವೂ ತಗೊಳ್ಳಲು ಶುರು ಮಾಡುತ್ತವೆ. ತಳದಲ್ಲಿ ಕೊಳೆಯುತ್ತಿರುವ ಕಾಳಿನ ಮೇಲಿನ ಬ್ಯಾಕ್ಟೀರಿಯಾವೂ ತಗೊಳ್ಳುತ್ತವೆ. ಹೀಗೆ ಇಳಿಯುತ್ತಾ ಬಂದು ಸೂರ್ಯ ಹುಟ್ಟುವ ಮುಂಚಿನ ಹೊತ್ತಿಗೆ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ ಇರುತ್ತದೆ. "ರಾತ್ರಿ ಚಲೋನ ಇದ್ದುವ್ರಿ" ಅನ್ನುವ ಮಾತು ಸುಳ್ಳಲ್ಲ. ರಾತ್ರಿ ಹತ್ತಕ್ಕೆ ಚೆನ್ನಾಗಿಯೇ ಇರುತ್ತವೆ.

ಇದರ ನಡುವೆ ಕರೆಂಟ್ ಹೋದರೆ ಮುಗಿಯಿತು. ಮೇ ತಿಂಗಳ ಅಡ್ಡಮಳೆಗೆ ಮೊದಲು ಗಾಳಿ ಬೀಸುತ್ತದಲ್ಲ, ಆ ರಾತ್ರಿಗಳೇ ಮೀನಿನ ತೊಟ್ಟಿಗೆ ಕೆಟ್ಟವು. ಮನೆಯವರಿಗೆ ಫ್ಯಾನಿನದೇ ಚಿಂತೆ. ಇನ್ವರ್ಟರ್ ಇದ್ದರೂ ಅದಕ್ಕೆ ಫ್ಯಾನು, ಲೈಟು, ಟಿವಿ ಜೋಡಿಸಿರುತ್ತಾರೆ. ಏರ್ ಪಂಪ್ ಎಳೆಯುವುದು ಬರೀ ಮೂರು ನಾಲ್ಕು ವ್ಯಾಟ್. ಅದನ್ನು ಇನ್ವರ್ಟರ್ ಲೈನಿಗೆ ಹಾಕಿಸಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಇನ್ವರ್ಟರ್ ಇಲ್ಲದವರಿಗೆ ಮೊಬೈಲಿನ ಪವರ್ ಬ್ಯಾಂಕಿನಲ್ಲಿ ನಡೆಯುವ ಯುಎಸ್‌ಬಿ ಏರ್ ಪಂಪ್ ಸಿಗುತ್ತದೆ, ರಾತ್ರಿ ಪೂರ್ತಿ ಓಡುತ್ತದೆ. ಅದೂ ಇಲ್ಲವೆಂದರೆ ಒಂದು ಮಗ್ ಸಾಕು. ತೊಟ್ಟಿಯ ನೀರನ್ನೇ ತುಂಬಿ ಒಂದು ಅಡಿ ಮೇಲಿನಿಂದ ಸುರಿಯುತ್ತಿರಿ. ಹತ್ತು ನಿಮಿಷ ಹೀಗೆ ಮಾಡಿದರೆ ಮೇಲೆ ಬಾಯಿ ತೆರೆಯುತ್ತಿದ್ದ ಮೀನುಗಳು ಕೆಳಗೆ ಇಳಿಯೋದು ಕಣ್ಣಿಗೇ ಕಾಣುತ್ತದೆ.

ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಇಲ್ಲವೇ ಕೊಳವೆಗೆ ಹತ್ತಿಪ್ಪತ್ತು ರೂಪಾಯಿಯ ಚೆಕ್ ವಾಲ್ವ್ ಹಾಕಿ. ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಇಳಿದು ಪಂಪಿಗೆ ಸೇರಿದರೆ ಮೀನಿಗಿಂತ ಮುಂಚೆ ನಿಮಗೇ ಶಾಕ್ ಹೊಡೆಯಬಹುದು.

ಫಿಲ್ಟರ್ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತಿದೆ. ಮುಚ್ಚಿದ ಡಬ್ಬಿಯ ಫಿಲ್ಟರ್ ಐದಾರು ತಾಸು ನಿಂತರೆ ಒಳಗಿನ ನೀರು ಉಸಿರುಗಟ್ಟಿ ನಾರುತ್ತದೆ. ಕರೆಂಟ್ ಬಂದ ಕೂಡಲೇ ಆ ನೀರೆಲ್ಲ ತೊಟ್ಟಿಗೆ ನುಗ್ಗುತ್ತದೆ. ಕರೆಂಟ್ ಇಲ್ಲದಾಗ ಬದುಕಿದ್ದ ಮೀನು ಕರೆಂಟ್ ಬಂದ ಮೇಲೆ ಸಾಯೋದು ಹೀಗೆ. ಆದ್ದರಿಂದ ಮೊದಲು ಸ್ವಿಚ್ ತೆಗೆದು, ಫಿಲ್ಟರಿನ ನೀರು ಚೆಲ್ಲಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಅಲುಬಿ, ಆಮೇಲೆ ಹಚ್ಚಬೇಕು.

ಬಿಸಿ ಇಳಿಸಲು ನಮ್ಮ ಒಣ ಹವೆಯೇ ಸಹಾಯ ಮಾಡುತ್ತದೆ. ತೊಟ್ಟಿಯ ಮುಚ್ಚಳ ತೆಗೆದು ಜಾಳಿಗೆ ಹೊದಿಸಿ, ಸಣ್ಣ ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ಓರೆಯಾಗಿ ತಿರುಗಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಇದು ಇಷ್ಟು ನಡೆಯೋದಿಲ್ಲ. ನೀರು ಬೇಗ ಆರುತ್ತದೆ, ನಿಜ. ಆರಿದ್ದಕ್ಕೆ ಬೋರ್ ನೀರನ್ನೇ ಸೇರಿಸುತ್ತಾ ಹೋದರೆ ಲವಣ ಕೂಡುತ್ತಾ ಹೋಗುತ್ತದೆ. ಅಷ್ಟಕ್ಕೆ ಮಾತ್ರ ಆರ್‌ಒ ನೀರು ಬಳಸಿ. ಐಸ್ ತುಂಡು ನೇರವಾಗಿ ಹಾಕಬೇಡಿ, ಬಾಟಲಿಯಲ್ಲಿ ಹೆಪ್ಪುಗಟ್ಟಿಸಿ ತೇಲಿಬಿಡಿ. ಕಾಳು ಅರ್ಧ ಮಾಡಿ. ಬೇಸಿಗೆಯಲ್ಲಿ ವಾರಕ್ಕೊಂದು ದಿನ ಪೂರ್ತಿ ಉಪವಾಸ ಹಾಕಿದರೂ ಮೀನಿಗೆ ಏನೂ ಆಗಲ್ಲ. ನಮ್ಮ ಮನೆಯಲ್ಲಿ ಸೋಮವಾರ ಅವ್ವನದೂ ಉಪವಾಸ, ಮೀನಿನದೂ ಉಪವಾಸ. ಗೋಲ್ಡ್‌ಫಿಶ್ ತರುವವರಿಗೆ ಮಾತ್ರ ನಾನು ಬೇಡ ಅಂತಲೇ ಹೇಳುತ್ತೇನೆ. ಅದು ತಂಪು ನೀರಿನ ಮೀನು, ಹತ್ತು ವರ್ಷ ಬಾಳುವ ಜೀವ. ನಮ್ಮ ಮೇ ತಿಂಗಳಲ್ಲಿ ಅದನ್ನು ಸಣ್ಣ ಗಾಜಿನ ಬುರುಡೆಯಲ್ಲಿ ಇಡುವುದು ಅನ್ಯಾಯ.

ಇನ್ನು ಅಮೋನಿಯಾ. ಮೀನಿನ ಹೇಲು, ತಿನ್ನದೆ ಉಳಿದ ಕಾಳು, ಸತ್ತ ಮೀನು, ಎಲ್ಲದರಿಂದಲೂ ಬರುವುದು ಅದೇ. ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ವಿಷ. ನೈಟ್ರೇಟ್ ಸ್ವಲ್ಪ ಮಟ್ಟಿಗೆ ನಡೆಯುತ್ತದೆ, ನೀರು ಬದಲಿಸಿದರೆ ಹೋಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ನಾವು ಭಾನುವಾರ ತೊಟ್ಟಿ ತಂದು ಅದೇ ಸಂಜೆ ಹನ್ನೆರಡು ಮೀನು ಬಿಡುತ್ತೇವೆ.

ಪಿಎಚ್ ಮಾತು ಬರೋದು ಇಲ್ಲೇ. ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷದ ರೂಪದ್ದು ನೂರಕ್ಕೆ ಒಂದು ಪಾಲೂ ಇರೋದಿಲ್ಲ. 8ಕ್ಕೆ ಏರಿದರೆ ನೂರಕ್ಕೆ ಐದಾರು ಪಾಲು. ಬಿಸಿ ಸೇರಿದರೆ ಇನ್ನೂ ಜಾಸ್ತಿ. ಅಂದರೆ ಲವಣವೂ ಪಿಎಚ್ಚೂ ಕಡಿಮೆ ಇರುವ ಮೆದು ನೀರಿನ ಊರಿನಲ್ಲಿ ತಡೆದುಕೊಳ್ಳುವಷ್ಟು ಅಮೋನಿಯಾವೇ ವಿಜಯಪುರದಲ್ಲಿ ಮೀನು ಕೊಲ್ಲುತ್ತದೆ.

ನಮ್ಮ ಕಾಕಾನ ಮಗ ಸೋಲಾಪುರ ರಸ್ತೆಯ ಕಡೆ ಇರುತ್ತಾನೆ. ಬೋರ್ ನೀರು ಸವಳು ಅಂತ ಅವನು ತೊಟ್ಟಿಗೆ ಬರೀ ಆರ್‌ಒ ನೀರು ಹಾಕುತ್ತಿದ್ದ. ನೀರು ಕನ್ನಡಿಯ ಹಾಗೆ ಇತ್ತು, ಮೀನೂ ತಿಂಗಳುಗಟ್ಟಲೆ ಚೆನ್ನಾಗಿದ್ದವು. ಒಂದು ಸಲ ಆರ್‌ಒ ಕೆಟ್ಟಿತು. ಅರ್ಧ ತೊಟ್ಟಿ ಖಾಲಿ ಮಾಡಿ ಬೋರ್ ನೀರು ತುಂಬಿಸಿದ. ಸಂಜೆಯೊಳಗೆ ಎಲ್ಲವೂ ಹೋದವು. "ಅಣ್ಣಾ, ಬೋರಿನ್ಯಾಗ ಏನೋ ವಿಷ ಐತಿ" ಅಂತ ಫೋನ್ ಮಾಡಿದ. ಅದೇ ನೀರನ್ನು ಅವನ ಮನೆಯವರು ಇಪ್ಪತ್ತು ವರ್ಷದಿಂದ ಬಳಸುತ್ತಿದ್ದಾರೆ.

ಆಗಿದ್ದು ಹೀಗೆ. ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ಮಾಡುವಾಗ ಆಮ್ಲ ಹುಟ್ಟುತ್ತದೆ. ಗಡಸು ನೀರಾದರೆ ಅದರಲ್ಲಿರುವ ಕಾರ್ಬೊನೇಟ್ ಆ ಆಮ್ಲವನ್ನು ತಿಂದುಹಾಕುತ್ತದೆ. ಆರ್‌ಒ ನೀರಿನಲ್ಲಿ ಕಾರ್ಬೊನೇಟ್ ಇಲ್ಲವೆನ್ನುವಷ್ಟು ಕಡಿಮೆ. ಪಿಎಚ್ ಮೆಲ್ಲಗೆ ಇಳಿಯುತ್ತದೆ. 6ರ ಆಸುಪಾಸಿಗೆ ಬಂದಾಗ ಬ್ಯಾಕ್ಟೀರಿಯಾವೇ ಮಂಕಾಗುತ್ತವೆ, ಅಮೋನಿಯಾ ಕೂಡಿಕೊಳ್ಳುತ್ತದೆ. ಪಿಎಚ್ ಅಷ್ಟು ಕಡಿಮೆ ಇರುವುದರಿಂದ ಅದು ಮೀನಿಗೆ ಅಷ್ಟಾಗಿ ತಾಗುವುದಿಲ್ಲ. ಯಾರಿಗೂ ಗೊತ್ತಾಗಲ್ಲ. ಅಂಥ ತೊಟ್ಟಿಗೆ 8 ಪಿಎಚ್‌ನ ನೀರು ಒಮ್ಮೆಲೇ ಬಿದ್ದಾಗ ಕೂಡಿಟ್ಟಿದ್ದ ಅಮೋನಿಯಾದ ದೊಡ್ಡ ಪಾಲು ವಿಷವಾಗಿ ತಿರುಗಿತು. ಬೋರ್ ನೀರು ಒಳ್ಳೆಯದೇ, ಆರ್‌ಒ ನೀರೂ ಒಳ್ಳೆಯದೇ. ಒಂದರಿಂದ ಇನ್ನೊಂದಕ್ಕೆ ಹಾರಿದ್ದು ಕೊಂದಿತು. ಆರ್‌ಒ ಬೇಕೇ ಬೇಕು ಅನ್ನುವವರು ಮೊದಲ ದಿನದಿಂದ ಅರ್ಧ ಬೋರ್, ಅರ್ಧ ಆರ್‌ಒ ಬೆರೆಸಿ. ಬಹಳ ದಿನ ನೀರು ಬದಲಿಸದ ತೊಟ್ಟಿ ಇದ್ದರೆ ಒಂದೇ ಸಲಕ್ಕೆ ಅರ್ಧ ತೆಗೆಯಬೇಡಿ. ದಿನಕ್ಕೆ ಹತ್ತನೇ ಒಂದು ಪಾಲಿನಂತೆ ಬದಲಿಸುತ್ತಾ ಬನ್ನಿ.

ನಳದ ನೀರಿನ ಕ್ಲೋರಿನ್ ವಿಷಯ ಎಲ್ಲರಿಗೂ ಗೊತ್ತು. ಆದರೂ ಅದಕ್ಕೇ ಬಲಿಯಾಗುವ ಮೀನು ಕಡಿಮೆಯಿಲ್ಲ. ಹೊಸ ಮಳೆಯಲ್ಲಿ ನದಿ ನೀರು ಕೆಂಪಗೆ ಬರುವಾಗ ಕ್ಲೋರಿನ್ ಜಾಸ್ತಿ ಹಾಕಬೇಕಾಗುತ್ತದೆ. ನಳ ತಿರುಗಿಸಿದರೆ ವಾಸನೆ ಬರುವ ದಿನಗಳವು. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅರ್ಜೆಂಟ್ ಇದ್ದರೆ ಅಂಗಡಿಯ ಆಂಟಿ ಕ್ಲೋರಿನ್ ಹನಿ ಹಾಕಿ. ಅದರಲ್ಲಿ ಸಾಮಾನ್ಯವಾಗಿ ಇರೋದು ಸೋಡಿಯಂ ಥಯೊಸಲ್ಫೇಟ್, ಹಿಂದೆ ಫೋಟೊ ಸ್ಟುಡಿಯೊದವರು ಬಳಸುತ್ತಿದ್ದ ಹೈಪೋ. ನೀರು ಕೂಡಿಸಿಟ್ಟು ಬಳಸೋದು ನಮ್ಮೂರಿಗೆ ಹೊಸದೇನಲ್ಲ. ಆದಿಲ್‌ಶಾಹಿಗಳು ತೊರವಿಯಿಂದಲೂ ಬೇಗಂ ತಲಾಬಿನಿಂದಲೂ ನೀರು ತರುವಾಗ ದಾರಿಯಲ್ಲಿ ಗಂಜ್ ಅನ್ನುವ ಕಲ್ಲಿನ ನೀರಿನ ಗೋಪುರಗಳನ್ನು ಕಟ್ಟಿಸಿದ್ದರು. ಒತ್ತಡ ಇಳಿಸೋದು, ಕೆಸರು ತಳಕ್ಕೆ ಕೂರಿಸೋದು ಅವುಗಳ ಕೆಲಸ. ಕೆಲವು ಇನ್ನೂ ನಿಂತಿವೆ, ಪಕ್ಕದಲ್ಲೇ ಬೈಕ್ ನಿಲ್ಲಿಸಿ ಹೋಗುತ್ತೇವೆ.

ಸ್ಪಂಜನ್ನೂ ನಳದ ಕೆಳಗೆ ಹಿಡಿದು ತೊಳೆಯಬೇಡಿ. ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅದು ಇರೋದೇ ಅದಕ್ಕೆ. ಒಂದು ಮೀನು ಸತ್ತಿತು ಅಂತ ತೊಟ್ಟಿ ಖಾಲಿ ಮಾಡಿ, ಕಲ್ಲು, ಸ್ಪಂಜು ಎಲ್ಲ ಫಳಫಳ ಉಜ್ಜಿ, ಹೊಸ ನೀರು ತುಂಬುವವರಿದ್ದಾರೆ. ಒಂದು ವಾರದಲ್ಲಿ ಉಳಿದವೂ ಸಾಯುತ್ತವೆ. ಆಗ ರೋಗ ಹರಡಿತು ಅನ್ನುತ್ತಾರೆ.

ಸ್ಪ್ರೇ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಸೊಳ್ಳೆ, ಜಿರಳೆಗೆ ಹೊಡೆಯುವ ಹೆಚ್ಚಿನ ಡಬ್ಬಿಗಳಲ್ಲಿ ಇರೋದು ಪೈರೆಥ್ರಾಯ್ಡ್ ಜಾತಿಯ ವಿಷ. ಮನುಷ್ಯನಿಗೆ ಅಷ್ಟು ಅಪಾಯವಿಲ್ಲ. ಅದೇ ಜಾತಿಯ ಪರ್ಮೆಥ್ರಿನ್ ಮುಲಾಮನ್ನು ಕಜ್ಜಿಗೆ ನಾನೇ ಮಾರುತ್ತೇನೆ. ಮೀನಿಗೆ ಮಾತ್ರ ಅದು ಬಹಳ ಕೆಟ್ಟದ್ದು, ಚೂರೇ ಸಾಕು. ನೀವು ತೊಟ್ಟಿಯಿಂದ ದೂರ ನಿಂತು ಹೊಡೆದರೂ ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಗುಳ್ಳೆಯಾಗಿ ಬಿಡುತ್ತದೆ. ಮೇಲಿನ ಮನೆಯ ಅಕ್ಕಾರ ತೊಟ್ಟಿ ಹೀಗೆಯೇ ಖಾಲಿಯಾಯಿತು. ಅಡುಗೆಮನೆಯಲ್ಲಿ ಜಿರಳೆಗೆ ಹೊಡೆದಿದ್ದರು, ಪಂಪ್ ಇದ್ದದ್ದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ. ಡೆಂಗಿ ಕಾಲದಲ್ಲಿ ಓಣಿಗೆ ಹೊಗೆ ಬಿಡಲು ಬಂದಾಗ ಕಿಟಕಿ ಮುಚ್ಚಿ, ತೊಟ್ಟಿಯ ಮೇಲೆ ಒದ್ದೆ ಅರಿವೆ ಹೊದಿಸಿ, ಪಂಪನ್ನು ಒಳಕೋಣೆಗೆ ಒಯ್ಯಿರಿ. ದೀಪಾವಳಿಗೆ ಬಣ್ಣ ಹಚ್ಚಿಸುವಾಗಲೂ ಅಷ್ಟೇ. ಇದೇ ಡೆಂಗಿ ತಡೆಯಲು ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗಳಿಗೆ ಗಪ್ಪಿ ಮೀನನ್ನೇ ಬಿಡುತ್ತಾರೆ, ಲಾರ್ವಾ ತಿನ್ನಲಿ ಅಂತ. ಒಂದೇ ಓಣಿಯಲ್ಲಿ ಗಪ್ಪಿಯೂ ಹೊಗೆಯೂ.

ಔಷಧಿ ನಿಜವಾಗಿ ಬೇಕಾಗುವ ಕಾಲವೂ ಇದೆ. ಸಿದ್ಧೇಶ್ವರ ಜಾತ್ರೆಯ ಹೊತ್ತಿನ ಥಂಡಿಗೆ ನೀರು ರಾತ್ರಿ ಒಮ್ಮೆಲೇ ತಣ್ಣಗಾಗಿ, ಮೀನಿನ ಮೈಮೇಲೆ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆ ಏಳುತ್ತವೆ. ಅದು ಪರಾವಲಂಬಿ ಜೀವಿ. ಹೀಟರ್ ಹಾಕಿ ತಾಸಿಗೆ ಒಂದು ಡಿಗ್ರಿಗಿಂತ ಜಾಸ್ತಿ ಆಗದಂತೆ 30ಕ್ಕೆ ಏರಿಸಿ. ಲೀಟರಿಗೆ ಎರಡು ಗ್ರಾಂ ಕಲ್ಲುಪ್ಪನ್ನು ಬೇರೆ ನೀರಿನಲ್ಲಿ ಕರಗಿಸಿ ಒಂದೆರಡು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿ. ಗಾಳಿ ಜಾಸ್ತಿ ಕೊಡಿ. ತೊಟ್ಟಿಯಲ್ಲಿ ಗಿಡ, ತಳದಲ್ಲಿ ಓಡಾಡುವ ಕೋರಿಡೋರಸ್ ಮೀನು ಇದ್ದರೆ ಉಪ್ಪು ಇನ್ನೂ ಕಡಿಮೆ ಇರಲಿ. ಚುಕ್ಕೆ ಮಾಯವಾದ ಕೂಡಲೇ ಉಪಚಾರ ನಿಲ್ಲಿಸೋದು ಎಲ್ಲರೂ ಮಾಡುವ ತಪ್ಪು. ಔಷಧಿ ತಾಗೋದು ನೀರಿನಲ್ಲಿ ಈಜುತ್ತಿರುವ ಮರಿಗಳಿಗೆ ಮಾತ್ರ. ಚುಕ್ಕೆ ಉದುರಿತು ಅಂದರೆ ಅದು ತಳದಲ್ಲಿ ಕೂತು ಮರಿ ಹಾಕುತ್ತಿದೆ ಅಂತ ಅರ್ಥ. ಇನ್ನೊಂದು ವಾರ ಮುಂದುವರಿಸಿ. ನೈಟ್ರೈಟ್ ಏರಿದಾಗಲೂ ಉಪ್ಪು ಕೆಲಸಕ್ಕೆ ಬರುತ್ತದೆ. ಲೀಟರಿಗೆ ಒಂದು ಗ್ರಾಂ ಸಾಕು, ಉಪ್ಪಿನ ಕ್ಲೋರೈಡ್ ನೈಟ್ರೈಟ್ ಕಿವಿರಿನೊಳಗೆ ಹೋಗದಂತೆ ತಡೆಯುತ್ತದೆ.

ಕೈಯಲ್ಲಿ ಗಾಯ ಇದ್ದರೆ ಕೈಗವಸು ಹಾಕಿಕೊಂಡೇ ತೊಟ್ಟಿಗೆ ಕೈ ಹಾಕಿ. ಮೀನಿಗೆ ಬರುವ ಕ್ಷಯದಂಥ ಒಂದು ಬ್ಯಾಕ್ಟೀರಿಯಾ ಮನುಷ್ಯನ ಚರ್ಮಕ್ಕೂ ಹತ್ತುತ್ತದೆ, ತಿಂಗಳುಗಟ್ಟಲೆ ಮಾಯದ ಗಂಟು ಏಳುತ್ತದೆ. ಅಂಥದ್ದು ಕಂಡರೆ ಚರ್ಮದ ಡಾಕ್ಟರಿಗೆ ಮೀನು ಸಾಕುತ್ತೇವೆ ಅಂತ ಮರೆಯದೆ ಹೇಳಿ. ನೀವು ಹೇಳದಿದ್ದರೆ ಅವರಿಗೆ ಹೊಳೆಯೋದು ಕಷ್ಟ.

ಸತ್ತ ಮೀನನ್ನು ಕುಂಡದ ಮಣ್ಣಿನಲ್ಲಿ ಹೂಳಿ. ಸಾಕಾಯಿತು ಅಂತ ಬದುಕಿರುವ ಮೀನನ್ನು ಭೂತನಾಳ ಕೆರೆಗೋ ಬೇಗಂ ತಲಾಬಿಗೋ ಬಿಡುವುದು ಮಾತ್ರ ಬೇಡ. ಅದರಲ್ಲೂ ಗಾಜಿಗೆ ಅಂಟಿಕೊಳ್ಳುವ ಸಕ್ಕರ್ ಮೀನು. ಅದು ಒಂದು ಅಡಿ ಮೀರಿ ಬೆಳೆದು ಕೆರೆಯನ್ನೇ ಹಿಡಿದುಬಿಡುತ್ತದೆ.

ಎಲ್ಲಾ ಸತ್ತು ತೊಟ್ಟಿ ಬರಿದಾದವರು ಫಿಲ್ಟರ್ ನಿಲ್ಲಿಸಬೇಡಿ. ಸಾವಿಗೆ ಬಿಸಿಯೋ ಕರೆಂಟೋ ಕಾರಣವಾಗಿದ್ದರೆ ಫಿಲ್ಟರ್ ಹಾಗೇ ಓಡಲಿ. ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಕಾಳು ಹಾಕಿದರೆ ಬ್ಯಾಕ್ಟೀರಿಯಾಕ್ಕೆ ಅನ್ನ ಸಿಗುತ್ತದೆ. ಸ್ಪ್ರೇ ಕಾರಣವಾಗಿದ್ದರೆ ಎರಡು ಮೂರು ಸಲ ನೀರು ಪೂರ್ತಿ ಬದಲಿಸಿ, ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ ಒಂದೆರಡು ವಾರ ಕಾಯಿರಿ. ಮತ್ತೆ ಮೀನು ತರುವಾಗ ನಮ್ಮ ನೀರಿಗೆ ಹೊಂದುವುದನ್ನೇ ತನ್ನಿ. ಗಪ್ಪಿ, ಮೋಲಿ, ಪ್ಲಾಟಿ, ಈ ಮೂರೂ ಗಡಸು ನೀರನ್ನು ಇಷ್ಟಪಡುವ ಜಾತಿ. ನಿಯಾನ್ ಟೆಟ್ರಾ, ಡಿಸ್ಕಸ್ ಮೆದು ನೀರಿನವು. ಅಂಗಡಿಯವರು "ಎಲ್ಲಾ ನಡಿತೈತ್ರಿ, ಒಯ್ಯರಿ" ಅಂತಾರೆ. ಅವರ ತೊಟ್ಟಿಯ ನೀರಿನ ಪಿಎಚ್ ಎಷ್ಟು ಅಂತ ಕೇಳಿ ನೋಡಿ. ಮನೆಗೆ ತಂದ ಮೇಲೆ ಚೀಲವನ್ನು ತೊಟ್ಟಿಯಲ್ಲಿ ಕಾಲು ತಾಸು ತೇಲಿಬಿಟ್ಟು, ಬಾಯಿ ಬಿಚ್ಚಿ, ಅರ್ಧ ತಾಸಿನಲ್ಲಿ ಸ್ವಲ್ಪ ಸ್ವಲ್ಪವೇ ನಿಮ್ಮ ನೀರು ಬೆರೆಸಿ, ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರು ಹೊರಗೆ ಚೆಲ್ಲಿ. ಒಂದು ಸಲಕ್ಕೆ ನಾಲ್ಕೇ ಮೀನು, ಮುಂದಿನ ನಾಲ್ಕಕ್ಕೆ ಎರಡು ವಾರ ಬಿಡಿ.